ಎಂಬತ್ತೇಳನೆಯ ಪುಟ

ಮೊನ್ನೆ ಸಾವಿನ ಸುದ್ದಿ ಕೇಳಿ ಫೋನು ಇಟ್ಟ ಮೇಲೆ ನಾನು ಅತ್ತದ್ದನ್ನು ನೀವಿಬ್ಬರೂ ನೋಡಿಬಿಟ್ಟಿರಿ. ‘ಅಜ್ಜಿ, ಅವರು ನಮಗೆ ಏನಾಗ್ಬೇಕು?’ ಎಂದು ಕೇಳಿದಿರಿ. ಏನೂ ಆಗಬೇಕಾಗಿರಲಿಲ್ಲ. ನಮ್ಮ ಬಳಗದವರಲ್ಲ, ನಮ್ಮ ಕೋಲಾರದ ಕಡೆಯವರೂ ಅಲ್ಲ. ಹೊಸ ತಿಪ್ಪಸಂದ್ರದ ನಮ್ಮ ಹಳೇ ಮನೆಯ ಮುಂದಿನ ಕೋಣೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದರು, ಅಷ್ಟೇ. ಎದುರಿಗೆ ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆದರೆ ಹೇಳಬಲ್ಲೆನೇನೋ ಎಂದು ಈ ನೋಟ್ ಪುಸ್ತಕ ತೆಗೆದಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ನನಗೆ ಅವರು ಮೇಡಂ, ಅವರಿಗೆ ನಾನು ಅಕ್ಕಾರು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರೇ ಇದ್ದರು. ಆದರೂ ಅವರ ಬಾಯಲ್ಲಿ ನಾನು ಅಕ್ಕನೇ.

ನಿಮ್ಮ ತಾತ ಹೋಗಿ ಒಂದು ವರ್ಷವಾಗಿತ್ತು. ವಿಮಾನದ ಕಾರ್ಖಾನೆಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಬಂದು, ‘ನಮ್ಮ ಕಲಬುರ್ಗಿ ಕಡೆ ಕಾಲೇಜಿನಲ್ಲಿ ಲೆಕ್ಕದ ಪಾಠ ಮಾಡೋ ಹೆಣ್ಣುಮಗಳೊಬ್ಬಳು ಬರ್ತಾಳೆ, ಪಿಎಚ್.ಡಿ. ಮಾಡಕ್ಕೆ. ಮೂರು ವರ್ಷ ರಜ ಕೊಟ್ಟಿದಾರೆ. ಒಬ್ಬಳೇ ಇರ್ತಾಳೆ. ಕೋಣೆ ಕೊಡ್ತೀರಾ?’ ಎಂದು ಕೇಳಿದರು. ಹೆಂಗಸು ಎಂಬ ಒಂದೇ ಧೈರ್ಯಕ್ಕೆ ಹೂಂ ಅಂದೆ.

ಒಂದು ಟ್ರಂಕು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿಯ ಗಂಟು, ಹೆಗಲ ಮೇಲೊಂದು ಚೀಲ ಹಿಡಿದುಕೊಂಡು ಬಂದರು. ಬಾಡಿಗೆಗೆ ಬಂದವರು ನೀರು ಎಷ್ಟೊತ್ತಿಗೆ ಬರುತ್ತದೆ, ಬಚ್ಚಲು ಎಲ್ಲಿದೆ ಎಂದು ಕೇಳುತ್ತಾರೆ. ಅವರು ಕೋಣೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದು ನೋಡಿ, ‘ಏಳು ಹೆಜ್ಜಿ ಅದರಿ. ಸಾಕು,’ ಅಂದರು. ಆಮೇಲೆ ತಿಳಿಯಿತು, ಅವರಿಗೆ ಕೂತರೆ ಯೋಚನೆ ಬರುತ್ತಿರಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಆ ಏಳು ಹೆಜ್ಜೆಯಲ್ಲಿ ಹೋಗುವುದು, ತಿರುಗುವುದು, ಬರುವುದು. ಬರೆಯುವುದಕ್ಕೆ ಮಾತ್ರ ಕೂರುವರು. ಹಳೇ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಕಾಗದ ಹಾರದಂತೆ ನಮ್ಮ ಒರಳಿನ ಗುಂಡನ್ನು ಮೇಲಿಟ್ಟಿರುತ್ತಿದ್ದರು. ಚಟ್ನಿ ರುಬ್ಬಬೇಕಾದರೆ ನಾನು ಹೋಗಿ ಗುಂಡು ಕೇಳಬೇಕಿತ್ತು.

ಊಟ ಮಾಡುವಾಗ ಅನ್ನ ಕಲಸಿದ ಕೈ ಹಾಗೇ ನಿಂತುಬಿಡುತ್ತಿತ್ತು. ನಿಮ್ಮಮ್ಮ ಆಗ ಏಳನೇ ಕ್ಲಾಸು, ಅವಳಿಗೆ ಅದೊಂದು ಆಟ. ‘ಅಮ್ಮ, ಮೇಡಂ ಕೈ ಒಣಗ್ತಾ ಇದೆ,’ ಎಂದು ಅಡುಗೆಮನೆಗೆ ಬಂದು ಪಿಸುಗುಟ್ಟುವಳು. ಒಂದು ಸಲ ಶಿವಾಜಿನಗರದಿಂದ ಬಸ್ಸು ಹತ್ತಿದವರು ನಮ್ಮ ಸ್ಟಾಪು ದಾಟಿದ್ದು ತಿಳಿಯದೆ ಕೆ.ಆರ್. ಪುರಕ್ಕೇ ಹೋಗಿಬಿಟ್ಟರು. ಬಂದದ್ದು ಎರಡು ಗಂಟೆ ತಡವಾಗಿ, ಕೈಯಲ್ಲೊಂದು ಕುಂಬಳಕಾಯಿ. ‘ಸಂತಿ ಇತ್ರಿ. ಸುಮ್ನ ಬಂದೆ ಅಂದ್ರ ನೀವು ನಗ್ತೀರಿ ಅಂತ ತಗೊಂಡೆ,’ ಅಂದರು. ಕುಂಬಳಕಾಯಿ ನೋಡಿ ಇನ್ನೂ ಹೆಚ್ಚು ನಕ್ಕೆವು.

ಪಕ್ಕದ ಮನೆಯಾಕೆಗೆ ಇವರನ್ನು ಕೆಣಕುವುದೆಂದರೆ ಖುಷಿ. ಒಂದು ದಿನ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ, ‘ಏನ್ ಮೇಡಂ, ಲೆಕ್ಕದಲ್ಲಿ ಹುಡುಕಕ್ಕೆ ಇನ್ನೂ ಏನಿದೆ? ಇರೋ ಲೆಕ್ಕ ಎಲ್ಲಾ ಮಾಡಿ ಮುಗ್ಸಿಲ್ವಾ ಇಷ್ಟೊತ್ತಿಗೆ?’ ಎಂದಳು. ಮೇಡಂಗೆ ತಮಾಷೆ ತಿಳಿಯುತ್ತಿರಲಿಲ್ಲ. ನನ್ನ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತರು. ನೆಲದ ಮೇಲೆ ನಿಲ್ಲಿಸಿ ಮೇಲಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು.

‘ನೋಡ್ರಿ, ಇಷ್ಟು ಒತ್ತಿದ್ರ ನೆಟ್ಟಗ ನಿಲ್ತದ. ಜಾಸ್ತಿ ಒತ್ತಿದ್ರ ಬಾಗ್ತದ. ಹೌದಿಲ್ಲೋ? ನಡುವ ಒಂದು ಗೆರಿ ಅದ. ಆ ಗೆರಿ ಒಳಗ ಇದ್ರ ನಿಲ್ತದ, ದಾಟಿದ್ರ ಬಾಗ್ತದ, ಇದು ಎಲ್ಲಾರಿಗೂ ಗೊತ್ತದ. ಸರಿಯಾಗಿ ಗೆರಿ ಮ್ಯಾಲೇ ಇದ್ರ?’

‘ಇದ್ರೆ ಏನಾಗುತ್ತೆ?’

‘ಅದಕ್ಕೇ ಬಂದೀನ್ರಿ.’

ಆಮೇಲೆ ಇನ್ನೂ ಹೇಳಿದರು. ಮೇಲಿಂದ ಕೆಳಗೆ ಒಂದೇ ದಪ್ಪ ಇರುವ ಕಡ್ಡಿಯಾದರೆ ಗೆರೆಯ ಮೇಲೂ ನಿಲ್ಲುತ್ತದೆ ಎಂದು ಅವರು ಲೆಕ್ಕದಿಂದ ತೋರಿಸಿಯಾಗಿತ್ತಂತೆ. ತೆಂಗಿನ ಕಡ್ಡಿಯ ಹಾಗೆ ಬುಡ ದಪ್ಪ ತುದಿ ಸಣ್ಣ ಇರುವುದು ಮಾತ್ರ ಕೈಗೆ ಸಿಗುತ್ತಿಲ್ಲವಂತೆ. ಪಕ್ಕದ ಮನೆಯಾಕೆ ಕಡ್ಡಿ ನೋಡಿದಳು, ಮೇಡಂ ಮುಖ ನೋಡಿದಳು. ‘ಇದಕ್ಕೆ ಮೂರು ವರ್ಷ ರಜ ಕೊಟ್ಟಿದಾರಾ?’ ಅಂದಳು. ‘ಹೌದ್ರಿ, ಕಮ್ಮಿ ಆತು,’ ಎಂದರು ಮೇಡಂ.

ಅವರ ಒಂದು ಗುಣ ನನಗೆ ಮೊದಮೊದಲು ಸೇರುತ್ತಿರಲಿಲ್ಲ. ಸಮಾಧಾನಕ್ಕೆ ಎಂದು ಒಂದು ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಿಮ್ಮಮ್ಮನಿಗೆ ಟೈಫಾಯಿಡ್ ಆಯಿತು. ನಿಮ್ಮ ತಾತನ ಕಾಯಿಲೆಯೂ ಜ್ವರದಿಂದಲೇ ಶುರುವಾಗಿತ್ತು. ‘ಮೇಡಂ, ಏನೂ ಆಗಲ್ಲ ಅಲ್ವಾ?’ ಎಂದು ಕೇಳಿದೆ. ದಾರಿಯಲ್ಲಿ ಹೋಗುವವರನ್ನು ಕೇಳಿದ್ದರೂ ಏನೂ ಆಗಲ್ಲ ಎನ್ನುತ್ತಿದ್ದರು. ಇವರು, ‘ಮುಂಜಾನೆ ನೂರಾಮೂರಿತ್ತು. ಈಗ ನೂರಾಎರಡೂವರಿ ಅದ. ಇದಕ್ಕಿಂತ ಮುಂದ ನನಗ ಹೇಳಲಾಕ ಬರಂಗಿಲ್ರಿ,’ ಅಂದರು. ನನಗೆ ಸಿಟ್ಟು ಬಂತು. ಆದರೆ ಅವರು ಐದು ದಿನ ಓದಲು ಹೋಗದೆ ಹಾಸಿಗೆಯ ಪಕ್ಕದಲ್ಲಿ ಕೂತು, ತಾಸಿಗೊಮ್ಮೆ ಜ್ವರ ನೋಡಿ ಪ್ರಶ್ನೆಪತ್ರಿಕೆಯ ಹಿಂದೆ ಬರೆದಿಟ್ಟರು. ಡಾಕ್ಟರು ಆ ಕಾಗದ ನೋಡಿ, ಯಾವ ನರ್ಸಮ್ಮ ಬರೆದದ್ದು ಎಂದು ಕೇಳಿದರು. ಆರನೇ ದಿನ ಜ್ವರ ಇಳಿದಾಗ ‘ಇಳೀತ್ರಿ’ ಎಂದು ಅವರೇ ಹೇಳಿದರು. ಆ ಒಂದು ಮಾತು ನಾನು ಪೂರ್ತಿ ನಂಬಿದೆ.

ಆ ಐದು ದಿನ ಅವರಿಗೆ ಎಷ್ಟು ದುಬಾರಿ ಎಂದು ನನಗೆ ಆಗ ತಿಳಿಯಲಿಲ್ಲ. ರಜ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದರು. ಪ್ರಿನ್ಸಿಪಾಲರಿಂದ ಕಾಗದ ಬಂತು, ಒಂದನೇ ತಾರೀಖು ಹಾಜರಾಗಲೇಬೇಕು ಎಂದು. ‘ಅಲ್ಲಿ ವಾರಕ್ಕ ಹದಿನೆಂಟು ತಾಸು ಪಾಠ ಅಕ್ಕಾರ. ಲೈಬ್ರರಿ ಅಂದ್ರ ಒಂದು ಕಪಾಟ ಅದ, ಅದರ ಚಾವಿ ಎಲ್ಲ್ಯದೋ ಯಾರಿಗೂ ತಿಳೀದು. ಇಲ್ಲಿಂದ ಹೋಗೋದರೊಳಗ ಥೀಸಿಸ್ ಕೊಟ್ಟೇ ಹೋಗಬೇಕು. ಕೊಡದ ಹೋದೆ ಅಂದ್ರ ಮುಗೀತು,’ ಎಂದು ಒಂದು ದಿನ ಹೇಳಿದರು. ಅವರ ಧ್ವನಿಯಲ್ಲಿ ಅಂಜಿಕೆ ಕೇಳಿದ್ದು ನಾನು ಅದೇ ಮೊದಲು. ಅವತ್ತಿನಿಂದ ಆ ಅಂಜಿಕೆ ನನಗೂ ಅಂಟಿಕೊಂಡಿತು. ಬೆಳಗ್ಗೆ ಎದ್ದರೆ ಮೊದಲು ಅವರ ಕ್ಯಾಲೆಂಡರು ನೋಡುತ್ತಿದ್ದೆ.

ಥೀಸಿಸ್ ಟೈಪ್ ಮಾಡುತ್ತಿದ್ದವರು ಶಿವಾಜಿನಗರದ ಒಬ್ಬ ವಯಸ್ಸಾದ ಸಾಹೇಬರು. ಅವರ ಮಿಷನ್ನಿನಲ್ಲಿ ಇಂಗ್ಲಿಷ್ ಅಕ್ಷರ ಇದ್ದವು, ಲೆಕ್ಕದ ಗುರುತುಗಳು ಇರಲಿಲ್ಲ. ಆಗೆಲ್ಲ ಹಾಗೇ. ಗುರುತು ಬರುವ ಕಡೆ ಜಾಗ ಬಿಟ್ಟು ಟೈಪ್ ಮಾಡುವುದು, ಆಮೇಲೆ ಕಪ್ಪು ಇಂಕಿನ ಡ್ರಾಯಿಂಗ್ ಪೆನ್ನಿನಲ್ಲಿ ಒಂದೊಂದಾಗಿ ಕೈಯಲ್ಲೇ ತುಂಬುವುದು. ನೀವು ಇದನ್ನು ನಂಬುವುದಿಲ್ಲ. ಮೊದಲನೆಯ ಕಟ್ಟು ಕೊಡುವಾಗ ಸಾಹೇಬರು, ‘ಮೇಡಮ್, ಮೂವತ್ತು ವರ್ಷದಿಂದ ಟೈಪ್ ಮಾಡ್ತಾ ಇದೀನಿ. ಇದು ಥೀಸಿಸ್ ಅಲ್ಲ, ಹಲ್ಲು ಬಿದ್ದಿರೋ ಬಾಯಿ. ನಿಮ್ ಹುಳಹುಪ್ಪಟೆ ಎಲ್ಲಾ ನೀವೇ ತುಂಬ್ಕೊಳಿ,’ ಅಂದರಂತೆ.

ನೂರಾ ಅರವತ್ತು ಪುಟ, ಪುಟಕ್ಕೆ ಇಪ್ಪತ್ತು ಮೂವತ್ತು ಗುರುತು. ಮೇಡಂಗೆ ಆ ಕೊನೆಯ ಲೆಕ್ಕ ಬಿಟ್ಟು ಇದಕ್ಕೆ ಕೂರಲು ಪುರುಸೊತ್ತಿರಲಿಲ್ಲ. ಒಂದು ದಿನ ನನ್ನ ಅಡುಗೆಮನೆಗೆ ಬಂದವರು ಉಪ್ಪಿನಕಾಯಿ ಭರಣಿಗಳ ಮೇಲೆ ನಾನು ಅಂಟಿಸಿದ್ದ ಚೀಟಿ ನೋಡಿದರು. ‘ಇದು ಯಾರ ಅಕ್ಷರ್ರಿ?’

‘ನಂದೇ.’

‘ಅಚ್ಚ ಹಾಕಿದಂಗ ಅದಲ್ರಿ. ನೀವು ಯಾಕ ತುಂಬಬಾರದು?’

‘ನಾನಾ? ಅಯ್ಯೋ ಬೇಡಿ ಮೇಡಂ. ಏಳನೇ ಕ್ಲಾಸು ಓದಿರೋಳು ನಾನು.’

‘ತಿಳಕೊಳ್ಳೋದು ಬ್ಯಾಡ. ನನ್ನ ಕಾಗದದಾಗ ಇದ್ದಂಗ ಇಳಸ್ರಿ, ಅಷ್ಟ.’

ನಮ್ಮೂರ ಶಾಲೆಯಲ್ಲಿ ಮೇಷ್ಟರು ಗುಂಡಗೆ ಬರೆಯದಿದ್ದರೆ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಕಾಪಿ ಪುಸ್ತಕದಲ್ಲಿ ಒಂದು ಜಾಗ ಖಾಲಿ ಬಿಟ್ಟರೆ ಇನ್ನೂ ಎರಡು ಏಟು. ಅಲ್ಲಿ ಕಲಿತ ಕೈ ಇಲ್ಲಿ ಕೆಲಸಕ್ಕೆ ಬಂತು. ಎಡಕ್ಕೆ ಮೇಡಂ ಕೈಬರಹ, ಬಲಕ್ಕೆ ಟೈಪ್ ಆದ ಪುಟ. ಬೆಳಗ್ಗೆ ಅಡುಗೆ ಮುಗಿಸಿ ಕೂತರೆ ನಿಮ್ಮಮ್ಮ ಸ್ಕೂಲಿನಿಂದ ಬರುವ ತನಕ. ಗುರುತುಗಳಿಗೆ ನಾನೇ ಹೆಸರಿಟ್ಟುಕೊಂಡೆ. ಉದ್ದಕ್ಕೆ ಇರುವುದು ಕೊಕ್ಕೆ. ತಲೆಕೆಳಗಾದ ಇಂಗ್ಲಿಷಿನ ಎ ಬಾವಲಿ. ಬಾಯಿ ತೆರೆದದ್ದು ಕಾಗೆ ಕೊಕ್ಕು, ಅದರ ಕೆಳಗೆ ಗೀಟು ಇದ್ದರೆ ಕೊಂಬೆ ಮೇಲಿನ ಕಾಗೆ. ಮೇಡಂ ಕೂಡ ಅದನ್ನೇ ಹಿಡಿದುಕೊಂಡರು. ‘ಅಕ್ಕಾರ, ಮೂವತ್ತೊಂದನೇ ಪುಟದಾಗ ಒಂದು ಬಾವಲಿ ಹಾರಿ ಹೋಗ್ಯಾದ,’ ಎಂದು ಕೋಣೆಯಿಂದ ಕೂಗಿ ಹೇಳುವರು. ಗಂಡ ಹೋದ ಮೇಲೆ ನಾನು ಒಂದು ಕೆಲಸಕ್ಕೆ ಬಂದೆ ಎಂದು ಅನ್ನಿಸಿದ ದಿನಗಳು ಅವು.

ಎಂಬತ್ತೇಳನೆಯ ಪುಟದಲ್ಲಿ, ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ, ಅವರ ಕೈಬರಹದಲ್ಲೂ ಒಂದು ಜಾಗ ಖಾಲಿ ಇತ್ತು. ಪಾಪ, ಅವಸರದಲ್ಲಿ ಬಿಟ್ಟಿದ್ದಾರೆ ಅಂದುಕೊಂಡೆ. ಹೋಗಿ ಕೇಳಬಹುದಿತ್ತು. ಬಾಗಿಲ ಹತ್ತಿರ ಹೋದೆ ಕೂಡ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ನಡೆಯುತ್ತಿದ್ದರು, ಮುಖ ಕಳೆಗುಂದಿತ್ತು. ಇಷ್ಟಕ್ಕೆಲ್ಲ ತೊಂದರೆ ಕೊಡುವುದೇಕೆ ಎಂದು ಹಿಂದಕ್ಕೆ ಬಂದೆ. ಮೇಲಿನ ಎರಡು ಸಾಲು ನೋಡಿದೆ. ಎರಡರಲ್ಲೂ ಆ ಜಾಗದಲ್ಲಿ ಕೊಂಬೆ ಮೇಲಿನ ಕಾಗೆ ಇತ್ತು. ಮೂರನೆಯದಕ್ಕೂ ಅದನ್ನೇ ಹಾಕಿದೆ. ಚೆನ್ನಾಗಿ ಬಂತು ಎಂದು ಊದಿ ಒಣಗಿಸಿದ್ದೂ ನೆನಪಿದೆ.

ಮುಂದಿನ ಗುರುವಾರ ಎಲ್ಲ ಪುಟ ಮುಗಿಸಿ ಕಟ್ಟಿಟ್ಟಿದ್ದೆ. ಶನಿವಾರ ಮಧ್ಯಾಹ್ನದೊಳಗೆ ಥೀಸಿಸ್ಸು ಯೂನಿವರ್ಸಿಟಿಯ ಆಫೀಸಿನಲ್ಲಿ ಇರಬೇಕು, ಸೋಮವಾರ ಅವರು ಊರಿನ ಕಾಲೇಜಿನಲ್ಲಿ ಇರಬೇಕು. ಕಾಫಿ ಕುಡಿಯುತ್ತಾ ಮೇಡಂ, ‘ಇವತ್ತೊಂದು ದಿನ ಅದ ಅಕ್ಕಾರ. ಗೈಡ್ ಸರ್ ಹಂತ್ಯಾಕ ಹೋಗಿ ಬರ್ತೀನಿ. ಎಂಬತ್ತೇಳನೇ ಪುಟದಾಗ ಒಂದು ಜಾಗ ಖಾಲಿ ಬಿಟ್ಟೀನಲ್ರಿ, ತೆಂಗಿನ ಕಡ್ಡಿದು. ಕೊಂಬಿ ಇದ್ರ ಗೆರಿ ಮ್ಯಾಲೂ ನಿಲ್ತದ ಅಂತ ಅರ್ಥ. ಅಲ್ಲಿ ಅದು ಇರಬೇಕೋ ಬ್ಯಾಡೋ, ಮೂರು ವರ್ಷ ಅದೇ ಹುಡುಕಲಾಕತ್ತೀನಿ. ಸಂಜಿಗಿ ಬಂದು ನಾನೇ ಹಾಕ್ತೀನಿ,’ ಎಂದು ಎದ್ದು ಹೋದರು.

ಲೋಟ ನನ್ನ ಕೈಯಲ್ಲೇ ಇತ್ತು. ಕೆಳಗಿಡಲು ಆಗಲಿಲ್ಲ.

ಆಗಲೇ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಗೇಟಿನ ತನಕ ಹಿಂದೆ ಹೋದೆ. ಬಸ್ಸು ತಪ್ಪುತ್ತದೆ ಎಂದು ಅವರು ಓಡುತ್ತಿದ್ದರು. ಒಳಗೆ ಬಂದು ಪುಟ ತೆಗೆದು ನೋಡಿದೆ. ಎಷ್ಟು ಅಂದವಾಗಿ ಕೂತಿತ್ತು ಆ ಗುರುತು. ಅವರು ಮೂರು ವರ್ಷದಿಂದ ಹುಡುಕುತ್ತಿದ್ದದ್ದನ್ನು ನಾನು ಅರೆಗಳಿಗೆಯಲ್ಲಿ ಹಾಕಿ ಮುಗಿಸಿದ್ದೆ.

ಅವರು ಬರುವುದರೊಳಗೆ ಅಳಿಸಿಬಿಡೋಣ, ಗೊತ್ತೇ ಆಗುವುದಿಲ್ಲ ಎಂದು ಹೊಸ ಬ್ಲೇಡು ಬಿಚ್ಚಿದೆ. ಆ ಇಂಕು ನೀರಿಗೆ ಹೋಗುವುದಲ್ಲ, ಕೆರೆದೇ ತೆಗೆಯಬೇಕು. ಮೊದಲು ಕೊಕ್ಕು ಹೋಯಿತು. ಕೆಳಗಿನ ಗೀಟು ಮಾತ್ರ ಹೋಗಲೊಲ್ಲದು. ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೆರೆದೆ. ಕೈ ಬೆವೆತಿತ್ತು. ಕಾಗದದ ಆಚೆ ಮೇಜಿನ ಮರ ಕಾಣಿಸಿತು. ತೊಗರಿಬೇಳೆಯಷ್ಟು ತೂತು.

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಬಾಗಿಲಲ್ಲಿ ಕೂತೆ, ಎದ್ದೆ. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಗೇಟಿಗೆ ಹೋಗಿ ನೋಡಿ ಬರುತ್ತಿದ್ದೆ. ಅವರು ನನ್ನಿಂದ ಥೀಸಿಸ್ ಕೊಡದೆ ಊರಿಗೆ ಹೋಗುತ್ತಾರೆ, ಆ ಚಾವಿ ಇಲ್ಲದ ಕಪಾಟಿನ ಪಕ್ಕದಲ್ಲಿ ಕೂರುತ್ತಾರೆ, ಇದೇ ಕಣ್ಣ ಮುಂದೆ. ಪಕ್ಕದ ಮನೆಯಾಕೆ ಬಂದು ‘ಯಾಕ್ ಹಿಂಗ್ ಕೂತಿದೀರಾ, ಯಾರಾದ್ರೂ ಹೋದ್ರಾ?’ ಎಂದು ಕೇಳಿದಳು.

ಐದು ಗಂಟೆಗೆ ಮೇಡಂ ಬಂದರು. ನಾನು ಬಾಗಿಲಲ್ಲೇ ಆ ಪುಟ ಹಿಡಿದು ನಿಂತಿದ್ದೆ. ಹೇಳಬೇಕೆಂದಿದ್ದ ಮಾತೆಲ್ಲ ಮರೆತು ಅಳುವೇ ಬಂತು. ಅವರು ಪುಟ ತೆಗೆದುಕೊಂಡು ತೂತಿನ ಮೂಲಕ ಬೆಳಕು ನೋಡಿದರು. ಚಪ್ಪಲಿ ಬಿಡದೆ ಮೆಟ್ಟಿಲ ಮೇಲೆ ಕೂತರು.

‘ಇಲ್ಲಿ ಏನು ಹಾಕಿದ್ರಿ?’

‘ಕೊಂಬೆ ಮೇಲಿನ ಕಾಗೆ.’

‘ಯಾಕ್ರಿ?’

‘ಮೇಲಿನ ಎರಡು ಸಾಲಲ್ಲೂ ಅದೇ ಇತ್ತು ಮೇಡಂ. ಇಲ್ಲೂ ಅದೇ ಇರುತ್ತೆ ಅಂತ. ಖಾಲಿ ಬಿಟ್ರೆ ತಪ್ಪಾಗುತ್ತೆ ಅಂತ.’

ತೂತಿನ ಅಂಚಿಗೆ ಬೆರಳು ಆಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ, ‘ನಮ್ಮ ಸರೂ ಇವತ್ತು ಇದನ್ನೇ ಹೇಳಿದ್ರು ನೋಡ್ರಿ. ಮ್ಯಾಲಿನ ಎರಡಕ್ಕೂ ಕೊಂಬಿ ಅದ, ಇದಕ್ಕೂ ಇರ್ತದ, ಹಾಕಿ ಕೊಟ್ಟುಬಿಡು, ಯಾರೂ ಕೇಳಂಗಿಲ್ಲ ಅಂದ್ರು,’ ಎಂದರು. ನಗುತ್ತಾರೇನೋ ಎಂದು ನೋಡಿದೆ. ನಗುತ್ತಿರಲಿಲ್ಲ. ‘ಸರ್ ಹೇಳಿದಾಗ ದೊಡ್ಡ ಮಾತು ಅನ್ನಿಸ್ತು. ನೀವು ಹೇಳಿದಾಗ ಗೊತ್ತಾತು, ಅದು ಬರೇ ಅಂದಾಜು ಅಂತ.’

ಅವರು ಒಳಗೆ ಹೋಗಿ ಒಂದು ಕಾಗದದ ಮೇಲೆ ಎಂಬತ್ತೇಳನೆಯ ಪುಟವನ್ನು ಮತ್ತೆ ಬರೆದರು. ಆ ಸಾಲು ತೆಗೆದು ಅದರ ಜಾಗದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಿದರು. ಏನದು ಎಂದು ಕೇಳಿದೆ. ‘ಈ ಕಡ್ಡಿ ಗೆರಿ ಮ್ಯಾಲೆ ನಿಲ್ತದೋ ಇಲ್ಲೋ, ಬರದಾಕಿಗಿ ಗೊತ್ತಿಲ್ಲ ಅಂತ,’ ಎಂದರು.

‘ಹಂಗೆ ಬರೆದ್ರೆ ಡಿಗ್ರಿ ಕೊಡ್ತಾರಾ?’

‘ಕೊಡದೇನೂ ಇರಬಹುದು.’

ಶುಕ್ರವಾರ ಅವರ ಜೊತೆ ನಾನೂ ಶಿವಾಜಿನಗರಕ್ಕೆ ಹೋದೆ. ಸಾಹೇಬರು ನಮಾಜು ಮುಗಿಸಿ ಬರುವ ತನಕ ಅಂಗಡಿ ಮೆಟ್ಟಿಲ ಮೇಲೆ ಕಾದೆವು. ಒಂದೇ ಒಂದು ಪುಟ ಎಂದು ತಿಳಿದು ಅವರು ಕನ್ನಡಕ ಏರಿಸಿ ಓದಿದರು. ‘ಕ್ಯಾ ಮೇಡಮ್, ಎಲ್ಲಾರೂ ಗೊತ್ತಾಯ್ತು ಗೊತ್ತಾಯ್ತು ಅಂತ ಟೈಪ್ ಮಾಡಿಸ್ತಾರೆ. ನೀವು ಗೊತ್ತಿಲ್ಲ ಅಂತ ಟೈಪ್ ಮಾಡ್ಸಕ್ಕೆ ಆಟೋ ಮಾಡ್ಕೊಂಡ್ ಬಂದಿದೀರಾ?’

‘ಹೌದ್ರಿ. ತಪ್ಪಿಲ್ದಂಗ ಮಾಡ್ರಿ.’

ಸಾಹೇಬರು ಮಾಡಿದರು. ಆ ಪುಟದ ಉಳಿದ ಗುರುತುಗಳನ್ನು ಅಂಗಡಿಯ ಮೇಜಿನ ಮೇಲೇ ತುಂಬಲು ಮೇಡಂ ಪೆನ್ನನ್ನು ನನ್ನ ಕಡೆಗೆ ಚಾಚಿದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ‘ಇದ್ದಂಗ ಇಳಸ್ರಿ, ಅಷ್ಟ,’ ಎಂದು ಮತ್ತೆ ಚಾಚಿದರು. ತುಂಬಿದೆ. ಜೆರಾಕ್ಸ್, ಬೈಂಡಿಂಗ್ ಎಲ್ಲ ಅದೇ ರಸ್ತೆಯಲ್ಲಿ ಆಯಿತು. ಶನಿವಾರ ಕೊಟ್ಟು ಬಂದರು. ಭಾನುವಾರ ಟ್ರಂಕು ಹೊತ್ತು ಊರಿಗೆ ಹೋದರು. ಕೋಣೆ ಖಾಲಿಯಾಯಿತು. ನನ್ನ ಅಂಜಿಕೆ ಮಾತ್ರ ಅಲ್ಲೇ ಉಳಿಯಿತು.

ಅಂಜಿದ್ದೇ ಆಯಿತು. ಎಂಟು ತಿಂಗಳಿಗೆ ಪರೀಕ್ಷಕರಿಂದ ಥೀಸಿಸ್ಸು ಹಿಂದಕ್ಕೆ ಬಂತು. ತೆಂಗಿನ ಕಡ್ಡಿಯ ಉತ್ತರ ಇಲ್ಲದೆ ಇದು ಅರೆಬರೆ, ಒಂದು ವರ್ಷದೊಳಗೆ ಪೂರ್ತಿ ಮಾಡಿ ಕೊಡಬೇಕು ಎಂದು. ಮೇಡಂ ಒಂದು ಕಾರ್ಡು ಬರೆದಿದ್ದರು. ಅದನ್ನು ಓದಿದಾಗ ಮೊದಲು ಕಣ್ಣಿಗೆ ಬಂದದ್ದು ಆ ತೂತು. ನಾನು ಸುಮ್ಮನೆ ಇದ್ದಿದ್ದರೆ, ಅವರು ಸಂಜೆ ಬಂದು ಗೈಡು ಹೇಳಿದ ಹಾಗೆ ಹಾಕಿ ಕೊಟ್ಟಿರುತ್ತಿದ್ದರೇ? ಇಷ್ಟೊತ್ತಿಗೆ ಡಾಕ್ಟರಾಗಿರುತ್ತಿದ್ದರೇ? ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಪೂಜೆಗೆ ಕೂತರೂ ಅದೇ.

ಆಮೇಲೆ ಬೇಸಿಗೆ ರಜಕ್ಕೂ ದಸರೆ ರಜಕ್ಕೂ ಅವರು ನಮ್ಮ ಮನೆಗೇ ಬರುತ್ತಿದ್ದರು. 'ಅಲ್ಲಿ ಏಳು ಹೆಜ್ಜಿ ಸಿಗಂಗಿಲ್ರಿ' ಎನ್ನುವರು. ಬೆಳಗ್ಗೆ ಲೈಬ್ರರಿಗೆ ಹೋಗಿ ಸಂಜೆ ಬರುವರು. ಒಂದು ವರ್ಷದ ಗಡುವು ಮುಗಿಯಿತು. ಗೈಡು ಮತ್ತೆ ಹೇಳಿದರಂತೆ, ಏನಾದರೊಂದು ಹಾಕಿ ಕೊಡು ಎಂದು. ಇವರು ಕೊಡಲಿಲ್ಲ. ಇನ್ನಷ್ಟು ಕಾಲ ಕೇಳಿಕೊಂಡು ಅರ್ಜಿ ಹಾಕಿದರು, ಆಗುವುದಿಲ್ಲ ಎಂದು ಬಂತು. ಅಲ್ಲಿಗೆ ಡಿಗ್ರಿಯ ಆಸೆ ಮುಗಿಯಿತು. ಆದರೂ ಬರುವುದು ಬಿಡಲಿಲ್ಲ. ‘ಇನ್ಯಾಕೆ ಮೇಡಂ?’ ಎಂದು ನಾನು ಕೇಳಿದ್ದಕ್ಕೆ, ‘ಕಡ್ಡಿಗೇನು ಗೊತ್ತು ಗಡುವು?’ ಎಂದರು.

ನಾಲ್ಕನೆಯ ಬೇಸಿಗೆ. ನಾನು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆ. ಮೆಟ್ಟಿಲು ಹತ್ತಿ ಬಂದರು, ಬರಿಗಾಲು, ಬಿಸಿಲಿಗೆ ಕಾಲು ಸುಡುತ್ತಿರುವುದೂ ತಿಳಿಯದೆ ನಿಂತರು. ‘ಅಕ್ಕಾರ, ನಿಲ್ಲಂಗಿಲ್ರಿ ಅದು.’

‘ಯಾವುದು?’

‘ಕಡ್ಡಿ. ಗೆರಿ ಮ್ಯಾಲೆ ಬಂತಂದ್ರ ಬಾಗ್ತದ. ಕೊಂಬಿ ಹಾಕಬಾರದಿತ್ತು ಅಲ್ಲಿ. ನೀವೂ ತಪ್ಪು, ನಮ್ಮ ಸರೂ ತಪ್ಪು.’ ಅಷ್ಟು ಹೇಳಿ ಸಂಡಿಗೆಯ ಪಕ್ಕದಲ್ಲೇ ಕೂತು ನನ್ನ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಬೆವರೋ ಏನೋ ನಾನು ಕೇಳಲಿಲ್ಲ.

ಅದು ಮುಂದೆ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು, ಆರು ಪುಟ. ಹೆಸರಿನ ಮುಂದೆ ಡಾಕ್ಟರ್ ಇರಲಿಲ್ಲ. ಅವರ ಊರಿನಲ್ಲಿ ಬೆಂಗಳೂರಿಗೆ ಹೋಗಿ ಬಂದವರೆಂದು ಎಲ್ಲರೂ ಡಾಕ್ಟರ್ ಮೇಡಂ ಎಂದೇ ಕರೆಯುತ್ತಿದ್ದರಂತೆ. ಕೊನೆಯ ತನಕ ಪ್ರತಿಯೊಬ್ಬರನ್ನೂ ‘ಆಗಿಲ್ರಿ’ ಎಂದು ತಿದ್ದುತ್ತಿದ್ದರು ಎಂದು ಮೊನ್ನೆ ಫೋನು ಮಾಡಿದ ಅವರ ಶಿಷ್ಯೆ ಹೇಳಿದಳು.

ನಿಮ್ಮಮ್ಮನ ಮದುವೆಗೆ ಅವರು ಬಂದಿದ್ದರು. ಎಲ್ಲ ಮುಗಿದ ಮೇಲೆ ಅವರನ್ನು ಗಾಡಿ ಹತ್ತಿಸಲು ನಾನೇ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋದೆ. ಸಂಜೆ. ಗಾಡಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಬೆಂಚಿನ ಮೇಲೆ ಇಬ್ಬರೇ. ಇವತ್ತು ಕೇಳದಿದ್ದರೆ ಇನ್ನು ಕೇಳುವುದಿಲ್ಲ ಎಂದು ಅನ್ನಿಸಿತು.

‘ಮೇಡಂ, ಒಂದು ಮಾತು. ಅವತ್ತು ನಾನು ಆ ಪುಟ ತೂತು ಮಾಡ್ದೇ ಇದ್ದಿದ್ರೆ, ನೀವು ಸರ್ ಹೇಳ್ದಂಗೆ ಹಾಕಿ ಕೊಟ್ಬಿಡ್ತಿದ್ರಾ?’

ಅವರು ಎದ್ದರು. ಕೈ ಹಿಂದಕ್ಕೆ ಕಟ್ಟಿಕೊಂಡು ಪ್ಲಾಟ್‌ಫಾರಂ ಮೇಲೆ ಕಂಬದ ತನಕ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಪೋರ್ಟರೊಬ್ಬ ಪೆಟ್ಟಿಗೆ ಹೊತ್ತು ಬಂದು ಅವರನ್ನು ಸುತ್ತು ಹಾಕಿಕೊಂಡು ಹೋದ. ವಾಪಸು ಬಂದು ಕೂತರು.

‘ಹಾಕ್ತಿದ್ದೆ ಅಕ್ಕಾರ. ಬಸ್ಸಿನಾಗ ಬರೋವಾಗ ಹಾಕಬೇಕಂತ ಗಟ್ಟಿ ಮಾಡ್ಕೊಂಡೇ ಬಂದಿದ್ದೆ. ಬಂದು ನೋಡ್ತೀನಿ, ನೀವು ಬಾಗಿಲದಾಗ ಅಳಕೋತ ನಿಂತಿದ್ರಿ.’

‘ಹಾಗಾದ್ರೆ ನಿಮ್ ಡಿಗ್ರಿ ಹೋಗಿದ್ದು ನನ್ನಿಂದಾನೇ.’

‘ಹೌದ್ರಿ, ನಿಮ್ಮಿಂದೇ,’ ಅಂದರು. ‘ನನ್ನ ಹೆಸರಿನಾಗ ಒಂದು ಸುಳ್ಳು ಲೈಬ್ರರಿಯೊಳಗ ಕೂಡಲಿಲ್ಲ, ಅದೂ ನಿಮ್ಮಿಂದೇ. ಎರಡರಾಗ ಯಾವುದು ದೊಡ್ಡದು ಅಂತ ಕೇಳಬ್ಯಾಡ್ರಿ. ಭಾಳ ಸಲ ತೂಗಿ ನೋಡೀನಿ, ಹೇಳಲಾಕ ಬರಂಗಿಲ್ಲ.’

ಗಾಡಿ ಬಂತು. ಅವರನ್ನು ಹತ್ತಿಸಿ, ಚಿರೋಟಿಯ ಡಬ್ಬಿಯನ್ನು ಕಿಟಕಿಯಿಂದ ಕೊಟ್ಟು, ಒಬ್ಬಳೇ ಆಟೋ ಹತ್ತಿದೆ. ಹಲಸೂರು ದಾಟುವ ತನಕ ಅತ್ತೆ. ಆಮೇಲೆ ಅಳು ತಾನಾಗಿ ನಿಂತಿತು. ಅಷ್ಟು ವರ್ಷದಿಂದ ಎದೆಯಲ್ಲಿ ಕೂತಿದ್ದ ಅಂಜಿಕೆಯೂ ಅಲ್ಲೇ ಎಲ್ಲೋ ಇಳಿದುಹೋಗಿತ್ತು. ಸಮಾಧಾನಕ್ಕೆ ‘ನಿಮ್ಮಿಂದ ಅಲ್ಲ’ ಎಂದು ಅವರು ಹೇಳಿ ಕಳಿಸಿದ್ದರೆ, ಮಕ್ಕಳೇ, ನಾನು ಇವತ್ತಿಗೂ ಅಂಜುತ್ತಲೇ ಇರುತ್ತಿದ್ದೆ.